ಹೇಮಾವತಿಯಲ್ಲಿ ನೋಡಲು ಏನಿದೆ? ನೊಳಂಬರ ರಾಜಧಾನಿಗೆ ಹೊರಟವರಿಗೆ ಮಾರ್ಗದರ್ಶಿ

ಹೇಮಾವತಿಗೆ ದಾರಿ ಯಾವುದು, ಒಂದು ದಿನ ಸಾಕೇ, ಅಲ್ಲಿ ನೋಡಲು ಏನಿದೆ? ಗಡಿಯಾಚೆ ಆಂಧ್ರಪ್ರದೇಶದ ಮಡಕಶಿರಾ ಸೀಮೆಯಲ್ಲಿರುವ ನಮ್ಮಂಥವರನ್ನು ಬೆಂಗಳೂರು, ತುಮಕೂರು ಕಡೆಯ ಓದುಗರು ಮತ್ತೆ ಮತ್ತೆ ಕೇಳುವುದು ಇದನ್ನೇ. ವಿಚಿತ್ರವೆಂದರೆ ಮೂರನೆಯ ಪ್ರಶ್ನೆಯನ್ನು ಕೇಳುವವರಲ್ಲಿ ಹಲವರು ಆಗಲೇ ಒಮ್ಮೆ ಹೋಗಿ ಬಂದಿರುತ್ತಾರೆ. ಸಿದ್ಧೇಶ್ವರನ ದರ್ಶನ ಮಾಡಿ, ಮಂಗಳಾರತಿ ತೆಗೆದುಕೊಂಡು, ನಂದಿಯ ಮುಂದೆ ಒಂದು ಫೋಟೊ ತೆಗೆಸಿಕೊಂಡು ಹೊರಟುಬಿಟ್ಟಿರುತ್ತಾರೆ. ಅಷ್ಟಕ್ಕಾದರೆ ಅರ್ಧ ಗಂಟೆ ಸಾಕು. ರಾಜಧಾನಿಯನ್ನು ನೋಡಬೇಕೆಂದರೆ ಅರ್ಧ ದಿನವಾದರೂ ಬೇಕು, ಸ್ವಲ್ಪ ಸಿದ್ಧತೆಯೂ ಬೇಕು.

ಮೊದಲು ಎರಡು ಮಾತು ಹಿನ್ನೆಲೆ. ಹೇಮಾವತಿಯ ಹಳೆಯ ಹೆಸರು ಹೆಂಜೇರು. ಎಂಟನೆಯ ಶತಮಾನದಿಂದ ಹನ್ನೊಂದನೆಯ ಶತಮಾನದವರೆಗೆ ನೊಳಂಬವಾಡಿಯನ್ನು ಆಳಿದ ನೊಳಂಬ ಪಲ್ಲವರ ರಾಜಧಾನಿ ಇದು. ಶಾಸನಗಳು 'ನೊಳಂಬವಾಡಿ ಮೂವತ್ತಿರ್ಚ್ಛಾಸಿರ' (ಮೂವತ್ತೆರಡು ಸಾವಿರ) ಎಂದು ಕರೆಯುವ ಈ ನಾಡು ಇಂದಿನ ತುಮಕೂರು, ಚಿತ್ರದುರ್ಗ, ಕೋಲಾರ, ಅನಂತಪುರ ಸೀಮೆಗಳ ಮೇಲೆ ಹರಡಿತ್ತು. ನೊಳಂಬರು ತಮ್ಮನ್ನು ಪಲ್ಲವ ವಂಶದವರೆಂದು ಹೇಳಿಕೊಂಡರು, ಆದರೆ ಶಾಸನಗಳನ್ನು ಹೆಚ್ಚಾಗಿ ಬರೆಸಿದ್ದು ಕನ್ನಡದಲ್ಲಿ. ಬಲಿಷ್ಠರಾದ ರಾಷ್ಟ್ರಕೂಟರು, ತಲಕಾಡಿನ ಗಂಗರು, ಕಲ್ಯಾಣದ ಚಾಲುಕ್ಯರು, ಚೋಳರು ಇವರ ಸುತ್ತ ಇದ್ದರು. ಒಂಬತ್ತನೆಯ ಶತಮಾನದ ಕೊನೆಯಲ್ಲಿ ಮೊದಲನೆಯ ಮಹೇಂದ್ರನ ಕಾಲದಲ್ಲಿ ನೊಳಂಬರು ಉಚ್ಛ್ರಾಯಕ್ಕೆ ಏರಿದರು. ಅವನನ್ನು ಸೋಲಿಸಿದ ಗಂಗರ ಎರೆಯಪ್ಪ 'ಮಹೇಂದ್ರಾಂತಕ' ಎಂಬ ಬಿರುದು ಧರಿಸಿದ. ಮುಂದೆ ಗಂಗರವನೇ ಆದ ಇಮ್ಮಡಿ ಮಾರಸಿಂಹ 'ನೊಳಂಬಕುಲಾಂತಕ' ಎಂದೇ ಕರೆಸಿಕೊಂಡ. ಗೆದ್ದವರು ಹೀಗೆ ಬಿರುದು ಕಟ್ಟಿಕೊಂಡು ಮೆರೆಯಬೇಕಾದರೆ ಸೋತವರು ಸಾಮಾನ್ಯರಾಗಿರಲಿಲ್ಲ ಎಂದೇ ಅರ್ಥ. ಕುಲ ಮಾತ್ರ ಅಲ್ಲಿಗೇ ಅಂತ್ಯವಾಗಲಿಲ್ಲ. ಚಾಲುಕ್ಯರ ಸಾಮಂತರಾಗಿ ಮತ್ತಷ್ಟು ಕಾಲ ಆಳಿದರು.

ಇಷ್ಟು ತಿಳಿದಿದ್ದರೆ ಹೊರಡಬಹುದು.

1. ಸರಿಯಾದ ಹೇಮಾವತಿಯನ್ನು ಹುಡುಕಿ

ಮೊಬೈಲಿನ ನಕ್ಷೆಯಲ್ಲಿ ಬರಿಯ 'ಹೇಮಾವತಿ' ಎಂದು ಹುಡುಕಿದರೆ ಅದು ನಿಮ್ಮನ್ನು ಹಾಸನದ ಗೊರೂರು ಅಣೆಕಟ್ಟಿಗೋ ಸಕಲೇಶಪುರದ ಹೊಳೆಗೋ ಕರೆದೊಯ್ಯಲು ಸಿದ್ಧವಾಗಿರುತ್ತದೆ. ಹೇಮಾವತಿ ನದಿಗೂ ಈ ಊರಿಗೂ ಸಂಬಂಧವಿಲ್ಲ. 'ಹೇಮಾವತಿ ಸಿದ್ಧೇಶ್ವರ ದೇವಸ್ಥಾನ, ಅಮರಾಪುರಂ' ಎಂದು ಹುಡುಕಿ. ಊರು ಇರುವುದು ಆಂಧ್ರಪ್ರದೇಶದ ಅಮರಾಪುರಂ ಮಂಡಲದಲ್ಲಿ. ಮಂಡಲವೆಂದರೆ ಕರ್ನಾಟಕದ ತಾಲ್ಲೂಕಿಗಿಂತ ಚಿಕ್ಕ ಆಡಳಿತ ವಿಭಾಗ. ಹಳೆಯ ಪುಸ್ತಕಗಳಲ್ಲಿ, ಫಲಕಗಳಲ್ಲಿ ಅನಂತಪುರ ಜಿಲ್ಲೆ ಎಂದೇ ಇರುತ್ತದೆ. 2022ರ ಏಪ್ರಿಲಿನಲ್ಲಿ ಜಿಲ್ಲೆಗಳನ್ನು ಒಡೆದಾಗ ಇದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಎರಡೂ ಒಂದೇ ಊರು, ಗೊಂದಲ ಬೇಡ.

2. ದಾರಿ ಮತ್ತು ವಾಹನ

ಕರ್ನಾಟಕದಿಂದ ಬರುವವರಿಗೆ ಶಿರಾದ ಮೂಲಕ ಬರುವುದೇ ಸಲೀಸು. ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಶಿರಾದವರೆಗೆ ಬಂದು ಅಲ್ಲಿಂದ ಉತ್ತರಕ್ಕೆ, ಒಳದಾರಿಯಲ್ಲಿ ಗಡಿ ದಾಟಬೇಕು. ಸ್ವಂತ ವಾಹನವಿದ್ದರೆ ಶಿರಾದಿಂದ ಸುಮಾರು ಒಂದು ಗಂಟೆ ಇಟ್ಟುಕೊಳ್ಳಿ. ಹಿಂದೂಪುರ, ಮಡಕಶಿರಾ ಕಡೆಯಿಂದ ಬರುವವರು ಅಮರಾಪುರಂ ದಾರಿ ಹಿಡಿಯಬೇಕು.

ಬಾಡಿಗೆ ಕಾರು ಮಾಡುವವರು ಹೊರಡುವ ಮೊದಲೇ ಚಾಲಕರನ್ನು ಕೇಳಬೇಕಾದ ಪ್ರಶ್ನೆ ಒಂದಿದೆ: ಆಂಧ್ರಪ್ರದೇಶದ ಪರ್ಮಿಟ್ ಇದೆಯೇ? ಹಳದಿ ಫಲಕದ ವಾಹನ ರಾಜ್ಯ ದಾಟುವಾಗ ಪರ್ಮಿಟ್ ಇರಬೇಕು, ತೆರಿಗೆ ಕಟ್ಟಿರಬೇಕು. ನಕ್ಷೆಯಲ್ಲಿ ಶಿರಾದ ಪಕ್ಕದ ಹಳ್ಳಿಯಂತೆ ಕಾಣುವುದರಿಂದ ಎಷ್ಟೋ ಜನರಿಗೆ ಗಡಿ ದಾಟುತ್ತಿರುವುದೇ ಗೊತ್ತಿರುವುದಿಲ್ಲ. ದಾರಿಯಲ್ಲಿ ತಡೆದಾಗ ಚಾಲಕ ನಿಮ್ಮ ಮುಖ ನೋಡುತ್ತಾರೆ, ನೀವು ಅವರ ಮುಖ ನೋಡುತ್ತೀರಿ.

ಬಸ್ಸಿನಲ್ಲಿ ಬರುವವರು ಬಂದು ಇಳಿದ ಕೂಡಲೇ ಹಿಂತಿರುಗುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿ. ಇದನ್ನು ಸಂಜೆಗೆ ಬಿಡಬೇಡಿ. ಬಸ್ಸಿನ ಫಲಕ ತೆಲುಗಿನಲ್ಲಿರುತ್ತದೆ ಎಂದು ಹೆದರುವುದೂ ಬೇಡ. ಕನ್ನಡ ಓದುವವರಿಗೆ ತೆಲುಗು ಲಿಪಿ ಎರಡು ನಿಮಿಷ ದಿಟ್ಟಿಸಿದರೆ ಬಿಡಿಸಿಕೊಳ್ಳುತ್ತದೆ, ಬೇರೆಯಾಗಿರುವುದು ಹೆಚ್ಚಾಗಿ ತಲೆಕಟ್ಟು. ಮಾತಿನ ತೊಂದರೆಯಂತೂ ಇಲ್ಲವೇ ಇಲ್ಲ. ಅಮರಾಪುರಂ, ಅಗಳಿ, ರೊಳ್ಳ, ಗುಡಿಬಂಡ, ಮಡಕಶಿರಾ ಕಡೆಯ ಊರುಗಳಲ್ಲಿ ಕನ್ನಡ ಮನೆಮಾತು. ಅಂಗಡಿಯಲ್ಲಿ ಹರಕು ಮುರುಕು ತೆಲುಗಿನಲ್ಲಿ ಕಷ್ಟಪಟ್ಟು ಕೇಳಿ, ಅಚ್ಚ ಕನ್ನಡದಲ್ಲಿ ಉತ್ತರ ಪಡೆದು ನಾಚಿಕೊಂಡವರು ಬೇಕಾದಷ್ಟಿದ್ದಾರೆ.

3. ದಿನ ಮತ್ತು ಹೊತ್ತು ಆರಿಸಿಕೊಳ್ಳಿ

ಇದು ಮಳೆ ಕಡಿಮೆ ಬೀಳುವ ಬಯಲುಸೀಮೆ. ಮಾರ್ಚಿಯಿಂದ ಮೇವರೆಗೆ ಮಧ್ಯಾಹ್ನದ ಹೊತ್ತು ಅಂಗಳದ ಕಲ್ಲಿನ ಮೇಲೆ ಬರಿಗಾಲು ಇಡಲಾಗುವುದಿಲ್ಲ. ನವೆಂಬರಿನಿಂದ ಫೆಬ್ರವರಿವರೆಗೆ ಹಿತವಾಗಿರುತ್ತದೆ. ಶಿಲ್ಪ ನೋಡುವುದೇ ಉದ್ದೇಶವಾಗಿದ್ದರೆ ಸೋಮವಾರ, ಅಮಾವಾಸ್ಯೆ, ಶಿವರಾತ್ರಿಯ ಆಸುಪಾಸಿನ ದಿನಗಳನ್ನು ಬಿಡಿ. ದೇವರ ದರ್ಶನವೇ ಮುಖ್ಯವಾಗಿದ್ದರೆ ಆ ದಿನಗಳೇ ಚೆನ್ನ. ಎರಡನ್ನೂ ಒಂದೇ ದಿನದಲ್ಲಿ ಸಾಧಿಸಲು ಹೋದರೆ ಎರಡೂ ಅರ್ಧವಾಗುತ್ತವೆ.

ಬೆಳಗ್ಗೆ ಬೇಗ ತಲುಪಿ. ಕಾರಣ ಬಿಸಿಲೊಂದೇ ಅಲ್ಲ. ನೊಳಂಬರ ಶಿಲ್ಪಿಗಳು ಇಷ್ಟಪಟ್ಟದ್ದು ಕಪ್ಪಾದ, ಗಟ್ಟಿಯಾದ, ನುಣುಪು ಕೊಡುವ ಕಲ್ಲನ್ನು. ನಡುಹಗಲಿನ ನೆತ್ತಿಯ ಬಿಸಿಲಿನಲ್ಲಿ ಇಂಥ ಕಲ್ಲಿನ ಮೇಲಿನ ಕೆತ್ತನೆ ಕಾಣುವುದೇ ಇಲ್ಲ. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಬಳ್ಳಿಯ ಎಸಳು, ಬೆರಳಿನ ಗೆಣ್ಣು, ಒಡವೆಯ ಮಣಿ ಎದ್ದು ನಿಲ್ಲುತ್ತವೆ. ಬೆಳಗಿನ ಮೊದಲ ಎರಡು ಗಂಟೆ, ಸಂಜೆಯ ಕೊನೆಯ ಎರಡು ಗಂಟೆ ನಿಮ್ಮದು. ನಡುವಿನ ಹೊತ್ತು ಗುಡಿಯ ಒಳಗೆ ಕಳೆಯಿರಿ.

4. ಚೀಲದಲ್ಲಿ ಇರಬೇಕಾದವು

ಕೈಯಲ್ಲಿ ಹಿಡಿಯುವ ಟಾರ್ಚ್, ಕುಡಿಯುವ ನೀರು, ದಪ್ಪ ಕಾಲುಚೀಲ, ಪುಸ್ತಕ ಮತ್ತು ಪೆನ್ಸಿಲ್, ಬುತ್ತಿ. ಕಾಲುಚೀಲ ಏಕೆಂದು ಮೇಲೆ ಹೇಳಿದ್ದೇನೆ. ಬುತ್ತಿ ಬೇಡವೆನ್ನುವವರು ಊಟಕ್ಕೆ ಶಿರಾವನ್ನೋ ಮಡಕಶಿರಾವನ್ನೋ ನಂಬಿಕೊಳ್ಳಬೇಕು, ಇದು ಹಳ್ಳಿ. ಕ್ಯಾಮೆರಾ ತರುವವರು ಗಮನಿಸಿ: ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಮೂರು ಕಾಲಿನ ಸ್ಟ್ಯಾಂಡ್ ಇಟ್ಟು ಚಿತ್ರೀಕರಿಸಲು, ಡ್ರೋನ್ ಹಾರಿಸಲು ಮುಂಚಿತವಾಗಿ ಅನುಮತಿ ಬೇಕು. ಕಾವಲುಗಾರರ ಜೊತೆ ಸ್ಥಳದಲ್ಲೇ ಮಾತಾಡಿ ಸರಿಮಾಡಿಕೊಳ್ಳುತ್ತೇನೆ ಎಂಬ ಲೆಕ್ಕಾಚಾರ ಬೇಡ. ಅನುಮತಿ ಕೊಡುವ ಅಧಿಕಾರ ಅವರಿಗಿಲ್ಲ.

5. ಮೊದಲು ಸಿದ್ಧೇಶ್ವರನಿಗೆ ಕೈಮುಗಿಯಿರಿ

ಹೇಮಾವತಿ ಪಾಳುಬಿದ್ದ ಊರಲ್ಲ. ತುಮಕೂರು, ಚಿತ್ರದುರ್ಗ ಸೀಮೆಯ ಎಷ್ಟೋ ಮನೆತನಗಳಿಗೆ ಇಲ್ಲಿಯ ಸಿದ್ಧೇಶ್ವರ ಮನೆದೇವರು. ಹೆಂಜೇರಪ್ಪ ಎಂಬ ಹೆಸರಿನಲ್ಲಿ ಹಳೆಯ ರಾಜಧಾನಿ ಇನ್ನೂ ಜನರ ಬಾಯಲ್ಲಿದೆ. ಇಲ್ಲಿ ಪೂಜೆಗೊಳ್ಳುವುದು ಲಿಂಗವಲ್ಲ, ಮನುಷ್ಯರೂಪದಲ್ಲಿ ಕುಳಿತಿರುವ ಶಿವನ ಮೂರ್ತಿ. ಶಿವಾಲಯಗಳಲ್ಲಿ ಇದು ಅಪರೂಪ. ಹೂವು, ವಸ್ತ್ರದ ಅಲಂಕಾರವಿರುವುದರಿಂದ ಮೂರ್ತಿಯ ಕೆತ್ತನೆಯೆಲ್ಲ ಕಾಣುವುದಿಲ್ಲ. ಅರ್ಚಕರನ್ನು ಅಲಂಕಾರ ಸರಿಸಲು ಕೇಳುವುದು ಸಭ್ಯತೆಯಲ್ಲ. ಗರ್ಭಗುಡಿಯ ಚಿತ್ರವನ್ನೂ ತೆಗೆಯಬೇಡಿ.

ಇದನ್ನು ಮೊದಲು ಮುಗಿಸಿ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಪೂಜೆಗೆ ಬಂದವರೆಂದು ಗೊತ್ತಾದರೆ ಊರಿನವರು ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಯಾವ ಹೊಲದ ಬದುವಿನಲ್ಲಿ ಮುರಿದ ಕಲ್ಲಿದೆ, ಯಾವ ಕಟ್ಟೆಗೆ ಹಳೆಯ ಕಂಬದ ತುಂಡು ಸೇರಿಕೊಂಡಿದೆ ಎಂಬುದು ಅವರಿಗೆ ಗೊತ್ತು. ಜಗಲಿಯ ಮೇಲೆ ಕುಳಿತ ಹಿರಿಯರನ್ನು 'ಅಜ್ಜಾ' ಎಂದು ಮಾತಾಡಿಸಿದರೆ ನೀವೇ ಎದ್ದು ಹೊರಡುವವರೆಗೆ ಮಾತು ನಿಲ್ಲುವುದಿಲ್ಲ.

6. ದೊಡ್ಡೇಶ್ವರ: ಇಲ್ಲಿ ಅವಸರ ಮಾಡಬೇಡಿ

ಹೇಮಾವತಿಯ ಜೀವ ಇರುವುದು ಇಲ್ಲಿ. ಜನ ದೊಡ್ಡಪ್ಪನ ಗುಡಿ ಎಂದೂ ಕರೆಯುತ್ತಾರೆ. ಹೊರಗಿನಿಂದ ನೋಡಿದಾಗ ಮೊದಲು ಆಗುವುದು ನಿರಾಸೆ. ಹಂಪಿಯನ್ನು ತಲೆಯಲ್ಲಿಟ್ಟುಕೊಂಡು ಬಂದವರಿಗಂತೂ ಇಷ್ಟೇನಾ ಅನಿಸುತ್ತದೆ. ನೊಳಂಬರ ಗುಡಿಗಳು ಎತ್ತರದಿಂದ ಬೆರಗುಗೊಳಿಸುವುದಿಲ್ಲ, ಹತ್ತಿರ ಹೋದವರಿಗೆ ಮಾತ್ರ ತೆರೆದುಕೊಳ್ಳುತ್ತವೆ. ಹಂಪಿ ಇವಕ್ಕಿಂತ ನಾಲ್ಕೈದು ಶತಮಾನ ಈಚಿನದು ಎಂಬುದನ್ನೂ ನೆನಪಿಡಿ.

ಮೊದಲು ಒಳಗೆ ಹೋಗಬೇಡಿ. ಹೊರಗೋಡೆಯ ಸುತ್ತ ಪ್ರದಕ್ಷಿಣೆಯಾಗಿ ನಿಧಾನವಾಗಿ ನಡೆಯಿರಿ. ಗೋಡೆಯಲ್ಲಿ ಜಾಲಂಧ್ರಗಳು ಸಿಗುತ್ತವೆ. ಜಾಲಂಧ್ರವೆಂದರೆ ಒಂದೇ ಕಲ್ಲಿನ ಹಲಗೆಯನ್ನು ತೂತು ತೂತಾಗಿ ಕೊರೆದು ಗಾಳಿ, ಬೆಳಕು ಒಳಗೆ ಹೋಗುವಂತೆ ಮಾಡಿದ ಕಿಟಕಿ. ಬೇರೆ ಕಡೆಗಳಲ್ಲಿ ಇದು ಬರಿಯ ಚೌಕುಳಿಯೋ ಹೂವಿನ ವಿನ್ಯಾಸವೋ ಆಗಿರುತ್ತದೆ. ಇಲ್ಲಿ ಬಳ್ಳಿಯ ಸುರುಳಿಗಳ ನಡುವೆ ದೇವತೆಗಳೇ ಬಂದು ನಿಂತಿದ್ದಾರೆ. ಕಿಟಕಿಯೂ ಹೌದು, ಶಿಲ್ಪವೂ ಹೌದು. ನೊಳಂಬ ಶೈಲಿ ಎಂದರೆ ಕಲಾ ಇತಿಹಾಸಕಾರರು ಮೊದಲು ನೆನೆಯುವುದು ಈ ಕಿಟಕಿಗಳನ್ನೇ.

ಒಂದೊಂದು ಕಿಟಕಿಯನ್ನೂ ಎರಡು ಸಲ ನೋಡಬೇಕು. ಹೊರಗಿನಿಂದ ನೋಡಿದಾಗ ಕೆತ್ತನೆಯ ಉಬ್ಬು ಕಾಣುತ್ತದೆ. ಬಳ್ಳಿ ಎಲ್ಲಿಂದ ಹೊರಡುತ್ತದೆ, ಎಲ್ಲಿ ಹೊರಳುತ್ತದೆ, ದೇವತೆಯ ಯಾವ ಕೈಯಲ್ಲಿ ಯಾವ ಆಯುಧವಿದೆ ಎಂದು ಹಿಂಬಾಲಿಸಿ. ಬಳಿಕ ಒಳಗೆ ಹೋಗಿ ಅದೇ ಕಿಟಕಿಯನ್ನು ಬೆಳಕಿಗೆದುರಾಗಿ ನೋಡಿ. ಈಗ ಕೆತ್ತನೆ ಕಾಣುವುದಿಲ್ಲ, ತೂತುಗಳ ಆಕಾರ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಶಿಲ್ಪಿ ಎರಡೂ ಕಡೆಯ ಲೆಕ್ಕ ಹಾಕಿ ಉಳಿ ಹಿಡಿದಿದ್ದಾನೆ. ಒಂದು ಏಟು ತಪ್ಪಿದ್ದರೆ ಹಲಗೆಯೇ ಸೀಳುತ್ತಿತ್ತು.

ಒಳಗೆ ಬಂದ ಮೇಲೆ ನಂದಿ. ಎಲ್ಲರೂ ಅದರ ಗಾತ್ರ ನೋಡಿ ಮುಂದೆ ಹೋಗುತ್ತಾರೆ. ನೀವು ಕೊರಳಿನ ಗಂಟೆಸರ, ನುಣುಪಾದ ಮೈ ನೋಡಿ. ಆಮೇಲೆ ನವರಂಗದ ಕಂಬಗಳು. ಗರ್ಭಗುಡಿಯ ಮುಂದಿನ, ಕಂಬಗಳ ಮೇಲೆ ನಿಂತ ಹಜಾರಕ್ಕೆ ನವರಂಗ ಎನ್ನುತ್ತಾರೆ. ಗರ್ಭಗುಡಿಗೂ ನವರಂಗಕ್ಕೂ ನಡುವಿನ ಚಿಕ್ಕ ಭಾಗ ಸುಕನಾಸಿ. ಕಂಬಗಳ ಕೆಳಭಾಗ ಚೌಕಾಕಾರವಾಗಿದ್ದು ಅದರ ಮುಖಗಳ ಮೇಲೆ ಕೆತ್ತನೆ ಇರುತ್ತದೆ. ಇದಕ್ಕಾಗಿ ಮಂಡಿಯೂರಿ ಕುಳಿತುಕೊಳ್ಳಬೇಕು. ನಿಂತು ನೋಡಿದವರು ಕಂಬ ಎಂದು ಮಾತ್ರ ಹೇಳುತ್ತಾರೆ, ಕುಳಿತು ನೋಡಿದವರಿಗೆ ಹೇಳಲು ಬಹಳವಿರುತ್ತದೆ.

ಟಾರ್ಚನ್ನು ಕೆತ್ತನೆಗೆ ನೇರವಾಗಿ ಹಿಡಿಯಬೇಡಿ. ನುಣುಪು ಕಲ್ಲು ಕನ್ನಡಿಯಂತೆ ಬೆಳಕನ್ನು ನಿಮ್ಮ ಕಣ್ಣಿಗೇ ಎಸೆಯುತ್ತದೆ. ಗೋಡೆಗೆ ಹೆಚ್ಚು ಕಡಿಮೆ ತಾಗುವಂತೆ ಪಕ್ಕದಿಂದ ಹಿಡಿಯಿರಿ. ಮೊಬೈಲಿನ ಫ್ಲಾಶ್ ಆರಿಸಿಬಿಡಿ, ಅದರಿಂದ ಬರುವುದು ಒಂದು ಬಿಳಿ ಚುಕ್ಕೆ ಮಾತ್ರ.

7. ಶಾಸನವನ್ನು ಓದಲು ಯತ್ನಿಸಿ

ಹೇಮಾವತಿಯ ಕಂಬದ ಶಾಸನ ನೊಳಂಬರ ಚರಿತ್ರೆಗೆ ಬೆನ್ನೆಲುಬು. ತ್ರಿನಯನ ಪಲ್ಲವನಿಂದ ಆರಂಭಿಸಿ ಮಂಗಳ ನೊಳಂಬಾಧಿರಾಜ, ಸಿಂಹಪೋತ, ಚಾರುಪೊನ್ನೇರ, ಪೊಳಲ್ಚೋರ, ಮಹೇಂದ್ರ, ಅಯ್ಯಪದೇವ ಎಂದು ಪೀಳಿಗೆಯಿಂದ ಪೀಳಿಗೆಗೆ ವಂಶಾವಳಿ ಸಾಗುತ್ತದೆ. ಈ ಹೆಸರುಗಳನ್ನು ಮೊದಲೇ ಪುಸ್ತಕದಲ್ಲಿ ಬರೆದುಕೊಂಡು ಹೋಗಿ. ಹಳಗನ್ನಡ ಲಿಪಿ ಬಾರದವರಿಗೂ ಗೊತ್ತಿರುವ ಹೆಸರನ್ನು ಕಲ್ಲಿನಲ್ಲಿ ಹುಡುಕುವುದು ಗೊತ್ತಿಲ್ಲದ ಸಾಲನ್ನು ಓದುವುದಕ್ಕಿಂತ ಸುಲಭ.

ಎಲ್ಲಿಂದ ಹಿಡಿಯುವುದು? ಶಾಸನಗಳಿಗೆ ಒಂದು ಅಚ್ಚು ಇರುತ್ತದೆ. ಸಾಮಾನ್ಯವಾಗಿ 'ಸ್ವಸ್ತಿ' ಎಂಬ ಮಂಗಳಪದದಿಂದ ಆರಂಭ. ಬಳಿಕ ರಾಜನ ಬಿರುದುಗಳ ಸಾಲು, ಆಮೇಲೆ ಕಾಲ, ಅದಾದ ಮೇಲೆ ದಾನದ ವಿವರ. ಕೊನೆಗೆ ಶಾಪ: ಈ ಧರ್ಮವನ್ನು ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆಯನ್ನು, ಎಂದರೆ ಕಪಿಲೆ ಹಸುವನ್ನು, ಕೊಂದ ಪಾಪಕ್ಕೆ ಹೋಗುತ್ತಾನೆ ಎಂಬ ಧಾಟಿಯಲ್ಲಿ. ಕಾಲವನ್ನು ಶಕವರ್ಷದಲ್ಲಿ ಹೇಳಿದ್ದರೆ 78 ಕೂಡಿಸಿ, ಇಂದಿನ ಇಸವಿ ಸಿಗುತ್ತದೆ. ಶಕ 864 ಎಂದಿದ್ದರೆ 942. ವರ್ಷದ ಕೊನೆಯ ತಿಂಗಳುಗಳಾದರೆ ಒಂದು ವರ್ಷ ಹೆಚ್ಚಾಗಬಹುದು.

ಆ ಕಾಲದ ಬರಹದಲ್ಲಿ ಈಗ ಬಳಕೆಯಲ್ಲಿಲ್ಲದ ಎರಡು ಅಕ್ಷರಗಳಿವೆ, ಱ ಮತ್ತು ೞ. ಓದುವಾಗ ಇವು ಎಡವಿಸುತ್ತವೆ. ಗುರುತು ಸಿಗದ ಅಕ್ಷರ ಬಂದರೆ ಇವೆರಡರಲ್ಲಿ ಒಂದೇ ಎಂದು ಮೊದಲು ಪರೀಕ್ಷಿಸಿ. ಮನೆಯಲ್ಲಿ ಕುಳಿತು ಓದುವ ಆಸೆಯಿದ್ದರೆ ಇಡೀ ಕಲ್ಲಿನ ಒಂದು ಚಿತ್ರ ಸಾಲದು. ಮೇಲಿನಿಂದ ಕೆಳಕ್ಕೆ ನಾಲ್ಕು ನಾಲ್ಕು ಸಾಲಿನಂತೆ, ಹಿಂದಿನ ಚಿತ್ರದ ಕೊನೆಯ ಸಾಲು ಮುಂದಿನದರಲ್ಲೂ ಬರುವಂತೆ ತೆಗೆಯಿರಿ. ಬೆಳಕು ಒಂದೇ ಪಕ್ಕದಿಂದ ಬರಲಿ.

ಅಕ್ಷರ ಕಾಣಲಿ ಎಂದು ಸೀಮೆಸುಣ್ಣ ತಿಕ್ಕುವುದು, ಹಿಟ್ಟು ಬಳಿಯುವುದು, ಎಣ್ಣೆ ಸವರುವುದು ಬೇಡವೇ ಬೇಡ. ಇದನ್ನು ಹಿಂದಿನವರು ಮಾಡಿದ್ದಾರೆ, ಇತಿಹಾಸ ಪ್ರೇಮಿಗಳೇ ಮಾಡಿದ್ದಾರೆ ಎಂಬುದು ಕಾರಣವಾಗುವುದಿಲ್ಲ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ, ಅದರ 2010ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕಲ್ಲಿನ ಮೇಲೆ ಹೆಸರು ಕೆತ್ತುವ ಪ್ರೇಮಿಗಳಿಗೂ ಇದೇ ಅನ್ವಯ.

8. ಉಳಿದ ಗುಡಿಗಳು ಮತ್ತು ಬಿಡಿ ಶಿಲ್ಪಗಳು

ಮಲ್ಲೇಶ್ವರ, ವಿರೂಪಾಕ್ಷ ಗುಡಿಗಳಿಗೆ ಹೋಗುವಷ್ಟರಲ್ಲಿ ಬಂದವರಿಗೆ ದಣಿವಾಗಿರುತ್ತದೆ. ಆದರೂ ಬಿಡಬೇಡಿ, ದೊಡ್ಡೇಶ್ವರದಲ್ಲಿ ಕಲಿತ ಕಣ್ಣಿಗೆ ಇಲ್ಲಿ ಬೇಗ ಬೇಗ ಗುರುತು ಸಿಗುತ್ತದೆ. ಸುತ್ತಮುತ್ತ ಸಿಕ್ಕಿದ ಶಿಲ್ಪಗಳನ್ನು ಒಂದೆಡೆ ಸೇರಿಸಿ ಇಟ್ಟಿರುವುದನ್ನೂ ನೋಡಿ. ಸಾಲಾಗಿ ಕುಳಿತ ಏಳು ದೇವಿಯರು ಕಂಡರೆ ಅವರು ಸಪ್ತಮಾತೃಕೆಯರು. ಒಂದು ಬದಿಯಲ್ಲಿ ಗಣಪತಿ, ಇನ್ನೊಂದು ಬದಿಯಲ್ಲಿ ವೀರಭದ್ರ ಇರುವುದು ವಾಡಿಕೆ. ಮುಖ ಸವೆದಿದ್ದರೆ ಪೀಠದ ಮೇಲಿನ ವಾಹನ ನೋಡಿ ಹೆಸರು ಹಿಡಿಯಿರಿ: ಹಂಸವಿದ್ದರೆ ಬ್ರಾಹ್ಮಿ, ನವಿಲಿದ್ದರೆ ಕೌಮಾರಿ, ಆನೆಯಿದ್ದರೆ ಇಂದ್ರಾಣಿ.

ವೀರಗಲ್ಲು, ಅಂದರೆ ಹೋರಾಡಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲು, ಮೂರು ಹಂತದ್ದಾಗಿದ್ದರೆ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ.

ಅರಮನೆ ಎಲ್ಲಿ ಎಂದು ಕೇಳುವವರಿಗೆ ಒಂದೇ ಉತ್ತರ: ನಿಂತಿಲ್ಲ. ಆ ಕಾಲದಲ್ಲಿ ದೇವರಿಗೆ ಕಲ್ಲು, ಅರಸರಿಗೆ ಮರ, ಇಟ್ಟಿಗೆ, ಮಣ್ಣು. ಕಲ್ಲಿನವು ಉಳಿದವು. ಮಾರ್ಗದರ್ಶಕರೆಂದು ಹೇಳಿಕೊಂಡು ಯಾರಾದರೂ ಯಾವುದೋ ದಿಬ್ಬ ತೋರಿಸಿ ಇದೇ ರಾಣಿಯ ಅಂತಃಪುರ ಎಂದರೆ ನಕ್ಕು ಮುಂದೆ ನಡೆಯಿರಿ.

9. ಹೊತ್ತು ಉಳಿದರೆ ಎಲ್ಲಿಗೆ?

ಬೆಳಗ್ಗೆ ಬೇಗ ಬಂದವರು ಮಧ್ಯಾಹ್ನದ ಮೇಲೆ ರೊಳ್ಳ ಮಂಡಲದ ರತ್ನಗಿರಿ ಕೋಟೆಗೋ ಪಾವಗಡ ತಾಲ್ಲೂಕಿನ ನಿಡಗಲ್ಲು ದುರ್ಗಕ್ಕೋ ಹೋಗುವುದುಂಟು. ನಿಡಗಲ್ಲು ಹತ್ತುವುದಿದ್ದರೆ ಅದಕ್ಕೇ ಒಂದು ದಿನ ಇಡಿ.

ಪೆನುಕೊಂಡವನ್ನು ಇದೇ ದಿನಕ್ಕೆ ತುರುಕಬೇಡಿ. ಅದು ಇದೇ ಜಿಲ್ಲೆಯಲ್ಲಿರುವ ಇನ್ನೊಂದು ರಾಜಧಾನಿ. 1565ರ ತಾಳಿಕೋಟೆ ಯುದ್ಧದ ನಂತರ ತಿರುಮಲರಾಯ ವಿಜಯನಗರದ ಗದ್ದುಗೆಯನ್ನು ಅಲ್ಲಿಗೆ ಒಯ್ದ. ಕೋಟೆಯ ಉತ್ತರ ಬಾಗಿಲಿನಲ್ಲಿ ಬುಕ್ಕರಾಯನ ಕಾಲದ ಕನ್ನಡ ಶಾಸನವಿದೆ. ಅಕ್ಕಪಕ್ಕದಲ್ಲೇ ನಿಂತ ರಾಮ ಮತ್ತು ಶಿವನ ಗುಡಿಗಳು, ಗಗನ ಮಹಲ್, ಪಾರ್ಶ್ವನಾಥ ಬಸದಿ, ಬಾಬಯ್ಯನ ದರ್ಗಾ, ಜೊತೆಗೆ ಬೆಟ್ಟ. ಬೆಂಗಳೂರು–ಹೈದರಾಬಾದ್ ಹೆದ್ದಾರಿಗೆ ಹೊಂದಿಕೊಂಡಿದೆ, ರೈಲೂ ನಿಲ್ಲುತ್ತದೆ. ಅಲ್ಲಿಗೆ ಪ್ರತ್ಯೇಕವಾಗಿ ಬನ್ನಿ.

ನೊಳಂಬರ ಕಲೆಯ ಬೆನ್ನು ಹತ್ತುವವರಿಗೆ ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿ ಮುಂದಿನ ಮೆಟ್ಟಿಲು. ಅಲ್ಲಿ ಕತ್ತೆತ್ತಿ ನೋಡಬೇಕು: ಮಾಳಿಗೆಯ ನಡುವೆ ನಟರಾಜ, ಸುತ್ತ ಎಂಟು ದಿಕ್ಕುಗಳ ಒಡೆಯರಾದ ಅಷ್ಟದಿಕ್ಪಾಲಕರು. ಹೇಮಾವತಿಯದೇ ಶಿಲ್ಪಗಳನ್ನು ಪೂರ್ತಿ ನೋಡಿದೆನೆಂದು ಹೇಳಬೇಕಾದರೆ ಮಾತ್ರ ತಮಿಳುನಾಡಿಗೇ ಹೋಗಬೇಕು. ಚೋಳ ರಾಜರಾಜ ತನ್ನ ಗೆಲುವುಗಳ ಪಟ್ಟಿಯಲ್ಲಿ ನೊಳಂಬವಾಡಿಯನ್ನು ಹೆಸರಿಸಿದ್ದಾನೆ. ತಂಜಾವೂರಿನ ಹತ್ತಿರದ ತಿರುವೈಯಾರಿನ ದೇವಾಲಯದಲ್ಲಿ ನೊಳಂಬ ಶೈಲಿಯ ಕಂಬಗಳಿವೆ, ಚೋಳರು ಗೆದ್ದು ಸಾಗಿಸಿದವು ಎಂಬುದು ವಿದ್ವಾಂಸರ ಅಭಿಪ್ರಾಯ. ಮದರಾಸು ಪ್ರಾಂತ್ಯದ ಕಾಲದಲ್ಲಿ ಅನಂತಪುರ ಜಿಲ್ಲೆ ಅದಕ್ಕೆ ಸೇರಿದ್ದರಿಂದ ಒಳ್ಳೊಳ್ಳೆಯ ಬಿಡಿಶಿಲ್ಪಗಳು ಚೆನ್ನೈನ ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿವೆ. ಅಲ್ಲಿಗೆ ಹೋಗುವವರು ವಾರದ ರಜೆ ಯಾವ ದಿನ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ.